ಎಕ್ಸ್‌ಎಂಎಲ್, ಜೇಸನ್, ಸಿಎಸ್‌ವಿ: ಡೇಟಾ ಕಳಿಸೋಕೆ ಯಾವುದನ್ನು ಆರಿಸಬೇಕು?

ಈ ಮೂರೂ ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ಡೇಟಾ ಕಳಿಸುವಾಗ ಅದನ್ನು ಬರೆದಿಡುವ ರೀತಿಗಳು. ಎಕ್ಸ್‌ಎಂಎಲ್ ಪ್ರತಿ ಮಾಹಿತಿಯ ಹಿಂದೆ ಮುಂದೆ ಟ್ಯಾಗ್ ಅನ್ನುವ ಹೆಸರಿನ ಗುರುತು ಹಾಕುತ್ತದೆ, ಜೇಸನ್ ಹೆಸರು ಮತ್ತು ಬೆಲೆಯನ್ನು ಜೋಡಿಯಾಗಿ ಆವರಣದೊಳಗೆ ಇಡುತ್ತದೆ, ಸಿಎಸ್‌ವಿ ಸಾಲು ಸಾಲಾಗಿ ಅಲ್ಪವಿರಾಮ ಹಾಕಿ ಬರೆಯುತ್ತದೆ. ಯಾವುದಾದರೂ ಒಂದು ಅಂಗಡಿಯ ಲೆಕ್ಕದ ಕಂಪ್ಯೂಟರ್ ತಗೊಳ್ಳಿ. ಗಿರಾಕಿ ಕ್ಯೂಆರ್ ಸ್ಕ್ಯಾನ್ ಮಾಡಿ ದುಡ್ಡು ಹಾಕಿದ. ಅದಕ್ಕಾಗಿ ಬ್ಯಾಂಕುಗಳಿಗೂ ಯುಪಿಐ ನಡೆಸುವ ಎನ್‌ಪಿಸಿಐಗೂ ನಡುವೆ ಓಡಾಡುವ ಯುಪಿಐ ಸಂದೇಶ ಎಕ್ಸ್‌ಎಂಎಲ್‌ನಲ್ಲಿ ಇರುತ್ತದೆ. ಜಿಎಸ್‌ಟಿ ಆಫ್‌ಲೈನ್ ಟೂಲ್‌ನಿಂದ ಹೊರಡುವ ಫೈಲು ಜೇಸನ್. ಟಿಡಿಎಸ್ ರಿಟರ್ನ್ ಫೈಲು ಇವೆರಡೂ ಅಲ್ಲ, ನಡುನಡುವೆ ^ ಗುರುತು ಹಾಕಿದ ಬರೀ ಟೆಕ್ಸ್ಟ್. ಬ್ಯಾಂಕ್ ಸ್ಟೇಟ್‌ಮೆಂಟ್ ಇಳಿಸಿಕೊಂಡರೆ ಸಿಎಸ್‌ವಿ. ಹೊರಗಿನ ಸಾಫ್ಟ್‌ವೇರ್‌ನಿಂದ ಟ್ಯಾಲಿಗೆ ವೋಚರ್ ತುಂಬಿಸಲು ಹೋದರೆ ಹೆಚ್ಚಾಗಿ ಮತ್ತೆ ಎಕ್ಸ್‌ಎಂಎಲ್.

ಹಾಗಾಗಿ "ಎಕ್ಸ್‌ಎಂಎಲ್ ಕಾಲ ಮುಗೀತು, ಈಗೆಲ್ಲ ಜೇಸನ್" ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ಪೂರ್ತಿ ತಳ್ಳಿಹಾಕಲೂಬೇಡಿ. ಆದಾಯ ತೆರಿಗೆ ಇಲಾಖೆಯೇ 2021-22ರ ಅಸೆಸ್‌ಮೆಂಟ್ ವರ್ಷದಿಂದ ರಿಟರ್ನ್ ಫೈಲನ್ನು ಎಕ್ಸ್‌ಎಂಎಲ್‌ನಿಂದ ಜೇಸನ್‌ಗೆ ಬದಲಾಯಿಸಿತು. ಅದೇ ಹೊತ್ತಿಗೆ ಜಗತ್ತಿನ ಬ್ಯಾಂಕುಗಳು ದೇಶದಿಂದ ದೇಶಕ್ಕೆ ದುಡ್ಡು ಕಳಿಸುವ ಹಳೆಯ ಸ್ವಿಫ್ಟ್ ಸಂದೇಶಗಳನ್ನು ಬಿಟ್ಟು ಎಕ್ಸ್‌ಎಂಎಲ್ ಕಡೆಗೆ ಹೊರಟಿದ್ದವು. ಒಬ್ಬರು ಬಿಟ್ಟಿದ್ದನ್ನು ಇನ್ನೊಬ್ಬರು ಹಿಡಿದರು, ಅಲ್ವಾ? ಇಬ್ಬರಿಗೂ ಅವರವರ ಕಾರಣ ಇತ್ತು.

ನನ್ನ ಮಟ್ಟಿಗೆ ಇವುಗಳಲ್ಲಿ ಒಂದನ್ನು ಆರಿಸುವಾಗ ಕೇಳಬೇಕಾದ ಮುಖ್ಯ ಪ್ರಶ್ನೆ ವೇಗದ್ದೂ ಅಲ್ಲ, ಫೈಲ್ ಸೈಜಿನದೂ ಅಲ್ಲ. ಡೇಟಾದಲ್ಲಿ ತಪ್ಪಿದ್ದರೆ ಅದು ಎಲ್ಲಿ ಸಿಕ್ಕಿಬೀಳಬೇಕು? ಕಳಿಸುವವರ ಹತ್ತಿರವೇ? ತಗೊಳ್ಳುವವರ ಬಾಗಿಲಲ್ಲೇ? ಇಲ್ಲಾ ಆರು ತಿಂಗಳು ಬಿಟ್ಟು ಆಡಿಟರ್ ಮುಂದೆಯೇ?

ಒಂದೇ ಬಿಲ್ಲು, ಮೂರು ರೂಪ

ಸಾಗರದ ಕಡೆಯ ಒಂದು ಅಡಿಕೆ ಮಂಡಿಯ ಬಿಲ್ಲು ಅಂದುಕೊಳ್ಳಿ. ಎಕ್ಸ್‌ಎಂಎಲ್‌ನಲ್ಲಿ ಹೀಗೆ ಬರೆಯಬಹುದು:

<ಬಿಲ್ಲು ಸಂಖ್ಯೆ="00417">
  <ದಿನಾಂಕ>2025-04-03</ದಿನಾಂಕ>
  <ಮಂಡಿ>ಅಪ್ಪ &#38; ಮಕ್ಕಳು</ಮಂಡಿ>
  <ಮಾಲು ಬಗೆ="ರಾಶಿ" ಅಳತೆ="ಕೆಜಿ">65.500</ಮಾಲು>
</ಬಿಲ್ಲು>

ಜೇಸನ್‌ನಲ್ಲಿ:

{
  "ಸಂಖ್ಯೆ": "00417",
  "ದಿನಾಂಕ": "2025-04-03",
  "ಮಂಡಿ": "ಅಪ್ಪ & ಮಕ್ಕಳು",
  "ಮಾಲು": { "ಬಗೆ": "ರಾಶಿ", "ಅಳತೆ": "ಕೆಜಿ", "ತೂಕ": 65.500 }
}

ಸಿಎಸ್‌ವಿಯಲ್ಲಿ:

ಸಂಖ್ಯೆ,ದಿನಾಂಕ,ಮಂಡಿ,ಬಗೆ,ತೂಕ
00417,2025-04-03,ಅಪ್ಪ & ಮಕ್ಕಳು,ರಾಶಿ,65.500

ನೋಡಿದ ಕೂಡಲೇ ಸಿಎಸ್‌ವಿ ಇಷ್ಟವಾಗುತ್ತದೆ. ಚಿಕ್ಕದು, ಯಾರು ಬೇಕಾದರೂ ಎಕ್ಸೆಲ್‌ನಲ್ಲಿ ತೆರೆಯಬಹುದು. ಆದರೆ ಇದೇ ಫೈಲನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದು, ಏನೂ ತಿದ್ದದೆ ಸೇವ್ ಮಾಡಿ ನೋಡಿ. 00417 ಹೋಗಿ 417 ಆಗಿರುತ್ತದೆ. ದಿನಾಂಕ ನಿಮ್ಮ ಕಂಪ್ಯೂಟರ್ ಸೆಟ್ಟಿಂಗ್‌ಗೆ ತಕ್ಕಂತೆ ತಿರುಗಿರಬಹುದು, ಆಗ ಏಪ್ರಿಲ್ 3 ಯಾವುದು, ಮಾರ್ಚ್ 4 ಯಾವುದು ಅಂತ ಹೇಳಲು ಆಗುವುದಿಲ್ಲ. 16 ಅಂಕಿಯ ಖಾತೆ ಸಂಖ್ಯೆ ಇದ್ದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಯಾಕೆಂದರೆ ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಉಳಿಸಿಕೊಳ್ಳುತ್ತದೆ. ಇಷ್ಟೆಲ್ಲ ಆದರೂ ಎಲ್ಲೂ ಒಂದು ಕೆಂಪು ಗೆರೆ ಬರುವುದಿಲ್ಲ.

ತಪ್ಪು ಎಲ್ಲಿ ಸಿಗುತ್ತದೆ

ಕಳಿಸುವಾಗ ನೆಟ್ ಹೋಗಿ ಫೈಲು ಅರ್ಧಕ್ಕೇ ತುಂಡಾಯಿತು ಅನ್ನೋಣ. ಸಿಎಸ್‌ವಿಯಲ್ಲಿ ಸಾಲು ಮುಗಿದ ಜಾಗದಲ್ಲೇ ತುಂಡಾದರೆ 900 ಬಿಲ್ಲಿನ ಬದಲು 500 ಬಂದಿವೆ ಅಂತ ಯಾರಿಗೂ ತಿಳಿಯುವುದಿಲ್ಲ. ಜೇಸನ್ ಮತ್ತು ಎಕ್ಸ್‌ಎಂಎಲ್‌ನಲ್ಲಿ ಕೊನೆಯ ಆವರಣವೋ ಟ್ಯಾಗೋ ಇರುವುದಿಲ್ಲ, ಹಾಗಾಗಿ ಓದುವ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಇಲ್ಲಿಯವರೆಗೆ ಇಬ್ಬರೂ ಸಮ.

ಒಂದೇ ಬಿಲ್ಲಿನಲ್ಲಿ "ತೂಕ" ಎರಡು ಸಲ ಬಂತು ಅನ್ನಿ. ಜೇಸನ್ ನಿಯಮ ಹೆಸರುಗಳು ಬೇರೆಬೇರೆ ಇದ್ದರೆ ಒಳ್ಳೆಯದು ಅನ್ನುತ್ತದೆ, ಇರಲೇಬೇಕು ಅನ್ನುವುದಿಲ್ಲ. ಹೆಚ್ಚಿನ ಪ್ರೋಗ್ರಾಂಗಳು ಸುಮ್ನೆ ಕೊನೆಯದನ್ನು ಇಟ್ಟುಕೊಂಡು ಮೊದಲಿನದನ್ನು ಬಿಸಾಕುತ್ತವೆ. ಎಕ್ಸ್‌ಎಂಎಲ್‌ನಲ್ಲಿ ಒಂದು ಟ್ಯಾಗಿನೊಳಗೆ ಒಂದೇ ಗುಣ (ಮೇಲಿನ ಅಳತೆ="ಕೆಜಿ" ಥರದ್ದು) ಎರಡು ಸಲ ಬಂದರೆ ಫೈಲೇ ತಪ್ಪು. ಓದುವ ಪ್ರೋಗ್ರಾಂ ಮುಂದೆ ಹೋಗುವಂತೆಯೇ ಇಲ್ಲ. ಈ ಹಟಮಾರಿತನ ಮೊದಮೊದಲು ಕಿರಿಕಿರಿ ಅನಿಸುತ್ತದೆ. ಆದರೆ ದುಡ್ಡಿನ ವಿಷಯದಲ್ಲಿ ಇದೇ ಬೇಕಾಗಿರುವುದು.

ಇದರ ಮೇಲೆ ಸ್ಕೀಮಾ ಬರುತ್ತದೆ. ಎಕ್ಸ್‌ಎಂಎಲ್‌ಗೆ ಎಕ್ಸ್‌ಎಸ್‌ಡಿ ಅನ್ನುವ ನಿಯಮದ ಫೈಲು 2001ರಿಂದ ಇದೆ. ಅದರಲ್ಲಿ "ದಿನಾಂಕ ಅಂದರೆ ವರ್ಷ-ತಿಂಗಳು-ದಿನ", "ತೂಕ ಸೊನ್ನೆಗಿಂತ ಜಾಸ್ತಿ", "ಐಎಫ್‌ಎಸ್‌ಸಿ ಅಂದರೆ 11 ಅಕ್ಷರ, ಐದನೆಯದು ಸೊನ್ನೆ" ಅಂತ ಬರೆದಿಡಬಹುದು. ಆ ಫೈಲನ್ನು ಎದುರಿನವರಿಗೆ ಕೊಟ್ಟರೆ ಅವರು ಕಳಿಸುವ ಮೊದಲೇ ತಮ್ಮ ಕಡೆ ಪರೀಕ್ಷಿಸಿಕೊಳ್ಳುತ್ತಾರೆ. ತಪ್ಪು ನಿಮ್ಮ ಬಾಗಿಲಿಗೂ ಬರುವುದಿಲ್ಲ.

ಜೇಸನ್‌ಗೂ ಸ್ಕೀಮಾ ಇದೆ. ಜಿಎಸ್‌ಟಿ ಇ-ಇನ್‌ವಾಯ್ಸ್ ಅದನ್ನು ಚೆನ್ನಾಗಿಯೇ ಬಳಸುತ್ತದೆ. ಆದರೆ ಜೇಸನ್ ಬಳಸುವ ಕಡೆ ಸ್ಕೀಮಾ ಬರೆಯುವುದು "ಆಮೇಲೆ ನೋಡೋಣ" ಅನ್ನುವ ಪಟ್ಟಿಗೆ ಸೇರಿಬಿಡುತ್ತದೆ. ಇದು ಜೇಸನ್‌ನ ದೋಷಕ್ಕಿಂತ ಬಳಸುವವರ ಅಭ್ಯಾಸ. ಆದರೂ ಯಾವುದನ್ನು ಆರಿಸಬೇಕು ಅನ್ನುವಾಗ ಅಭ್ಯಾಸವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಒಂದು ಎಚ್ಚರಿಕೆ: ಸ್ಕೀಮಾ ನೋಡುವುದು ಆಕಾರವನ್ನು. ಪಾನ್ ಸಂಖ್ಯೆಯಲ್ಲಿ 5 ಅಕ್ಷರ, 4 ಅಂಕಿ, 1 ಅಕ್ಷರ ಸರಿಯಾಗಿದ್ದರೆ ಅದು ಒಳಗೆ ಬಿಡುತ್ತದೆ. ಆ ಪಾನ್ ಪಕ್ಕದ ಮನೆಯವರದು ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಬ್ಯಾಂಕುಗಳು ಎಕ್ಸ್‌ಎಂಎಲ್ ಕಡೆ ಹೋಗಿದ್ದಕ್ಕೆ ಕಾರಣ ಇಲ್ಲೇ ಇದೆ. ಹಳೆಯ ಸ್ವಿಫ್ಟ್ ಸಂದೇಶದಲ್ಲಿ ದುಡ್ಡು ಕಳಿಸುವವರ ಹೆಸರು, ವಿಳಾಸ ಎಲ್ಲ ಸೇರಿ 35 ಅಕ್ಷರದ 4 ಸಾಲಿನೊಳಗೆ ತುರುಕಬೇಕಿತ್ತು. ಊರು ಯಾವುದು, ಬೀದಿ ಯಾವುದು, ದೇಶ ಯಾವುದು ಅಂತ ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. ಅದರ ಜಾಗಕ್ಕೆ ಬಂದ, ಎಕ್ಸ್‌ಎಂಎಲ್‌ನಲ್ಲಿ ಬರೆಯುವ ಐಎಸ್‌ಒ 20022 ಸಂದೇಶದಲ್ಲಿ ಪ್ರತಿಯೊಂದಕ್ಕೂ ಬೇರೆ ಟ್ಯಾಗ್ ಇದೆ. ನಮ್ಮ ರಿಸರ್ವ್ ಬ್ಯಾಂಕು ಆರ್‌ಟಿಜಿಎಸ್ ಅನ್ನು ಇದಕ್ಕೆ ತಂದದ್ದು 2013ರಲ್ಲೇ. ದೇಶದಿಂದ ದೇಶಕ್ಕೆ ಹೋಗುವ ಸ್ವಿಫ್ಟ್ ಪಾವತಿಗಳಲ್ಲಿ ಹಳೆಯದೂ ಹೊಸದೂ ಜೊತೆಜೊತೆಗೆ ನಡೆಯುವ ಅವಧಿ 2025ರ ನವೆಂಬರ್‌ಗೆ ಮುಗಿಯಿತು. ಸಾವಿರಾರು ಬ್ಯಾಂಕು, ಒಬ್ಬರ ಸಾಫ್ಟ್‌ವೇರ್ ಇನ್ನೊಬ್ಬರಿಗೆ ಗೊತ್ತಿಲ್ಲ, ಫೋನ್ ಮಾಡಿ ಕೇಳುವ ಹಾಗಿಲ್ಲ. ಅಂಥ ಕಡೆ ಟ್ಯಾಗುಗಳ ಭಾರ ಹೊರುವುದು ಲಾಭವೇ.

ಎಕ್ಸ್‌ಎಂಎಲ್‌ನ ತಾಪತ್ರಯಗಳು

ಭಾರ ಅಂದೆ, ಎಷ್ಟು ಅಂತಲೂ ನೋಡೋಣ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ (ಕಾಗುಣಿತದ ಗುರುತೂ ಒಂದು ಸಂಕೇತವೇ) 3 ಬೈಟ್ ಬೇಕು. "ದಿನಾಂಕ" ಅನ್ನುವುದರಲ್ಲಿ 6 ಸಂಕೇತ, ಅಂದರೆ 18 ಬೈಟ್. ತೆರೆಯಲು ಒಮ್ಮೆ, ಮುಚ್ಚಲು ಒಮ್ಮೆ, ಜೊತೆಗೆ ಕೋನಾವರಣ ಮತ್ತು ಗೀಟು 5. ಒಟ್ಟು 41 ಬೈಟ್. ಒಳಗಿರುವ 2025-04-03 ಬರೀ 10 ಬೈಟ್. ಜೇಸನ್‌ನಲ್ಲಿ ಇದೇ ಹೊದಿಕೆ ಸುಮಾರು 24 ಬೈಟ್‌ಗೆ ಮುಗಿಯುತ್ತದೆ. ಸಿಎಸ್‌ವಿಯಲ್ಲಿ ಒಂದು ಅಲ್ಪವಿರಾಮ, 1 ಬೈಟ್.

ಆದರೆ ಒಂದೇ ಟ್ಯಾಗ್ ಮತ್ತೆಮತ್ತೆ ಬರುವ ಫೈಲು ಜಿಪ್ ಮಾಡಿದಾಗ ಚೆನ್ನಾಗಿ ಕುಗ್ಗುತ್ತದೆ. ವರ್ಡ್‌ನ ಡಾಕ್ಸ್ (.docx) ಫೈಲ್ ಇದಕ್ಕೆ ಸಾಕ್ಷಿ. ಅದರ ಕೊನೆಯ ಹೆಸರನ್ನು ಜಿಪ್ ಅಂತ ಬದಲಾಯಿಸಿ ತೆರೆಯಿರಿ, ಚಿತ್ರಗಳಂಥವನ್ನು ಬಿಟ್ಟರೆ ಒಳಗೆ ಇರುವುದು ಬಹುತೇಕ ಎಕ್ಸ್‌ಎಂಎಲ್ ಫೈಲುಗಳೇ. ದಿನವೂ ಬಳಸುತ್ತೇವೆ, ಭಾರ ಅಂತ ಯಾರೂ ಗೊಣಗಿಲ್ಲ. ಹಾಗಾಗಿ ಸೈಜ್ ಒಂದನ್ನೇ ನೋಡಿ ಎಕ್ಸ್‌ಎಂಎಲ್ ಬಿಡಬೇಡಿ. ಬಿಡಲು ಇದಕ್ಕಿಂತ ಒಳ್ಳೆಯ ಕಾರಣಗಳಿವೆ.

ಮೊದಲನೆಯದು & ಗುರುತು. ಮೇಲಿನ ಬಿಲ್ಲಿನಲ್ಲಿ ಮಂಡಿಯ ಹೆಸರನ್ನು &#38; ಅಂತ ಬರೆದದ್ದು ಗಮನಿಸಿದಿರಾ? ಎಕ್ಸ್‌ಎಂಎಲ್‌ನಲ್ಲಿ ಬರೀ & ಬರೆದರೆ ಇಡೀ ಫೈಲು ಕೆಡುತ್ತದೆ. ನಮ್ಮ ಅಂಗಡಿ, ಕಂಪನಿಗಳ ಹೆಸರಲ್ಲಿ & ಎಷ್ಟು ಸಾಮಾನ್ಯ ಅಂತ ನಿಮಗೇ ಗೊತ್ತು. ಅಕ್ಷರ ಜೋಡಿಸಿ ಜೋಡಿಸಿ ಎಕ್ಸ್‌ಎಂಎಲ್ ತಯಾರಿಸುವ ಪ್ರೋಗ್ರಾಂಗಳು ಎಡವುವುದೇ ಇಲ್ಲಿ. 899 ಲೆಡ್ಜರ್ ಸರಿ ಇದ್ದು ಒಂದರಲ್ಲಿ & ಇದ್ದರೂ ಇಂಪೋರ್ಟ್ ನಿಲ್ಲುತ್ತದೆ. ಪರಿಹಾರ ಸುಲಭ: ಎಕ್ಸ್‌ಎಂಎಲ್ ಅನ್ನು ಕೈಯಾರೆ ಜೋಡಿಸಬೇಡಿ, ಅದಕ್ಕೆಂದೇ ಇರುವ ಸಿದ್ಧ ಕೋಡ್ ಲೈಬ್ರರಿಯ ಕೈಗೆ ಬಿಡಿ.

ಎರಡನೆಯದು ಒಂದೇ ಮಾತನ್ನು ಹೇಳಲು ಹಲವು ದಾರಿ ಇರುವುದು. ಬಿಲ್ಲಿನ ಸಂಖ್ಯೆಯನ್ನು ಟ್ಯಾಗಿನೊಳಗಿನ ಗುಣವಾಗಿ ಇಟ್ಟೆ, ದಿನಾಂಕವನ್ನು ಬೇರೆ ಟ್ಯಾಗ್ ಮಾಡಿದೆ. ಯಾಕೆ ಅಂದರೆ ಗಟ್ಟಿ ಉತ್ತರ ಇಲ್ಲ. ಇನ್ನೊಬ್ಬರು ಉಲ್ಟಾ ಮಾಡಬಹುದು, ಅದೂ ಸರಿಯೇ. ತಂಡದಲ್ಲಿ ನಾಲ್ಕು ಜನ ಇದ್ದರೆ ಇದೊಂದರ ಮೇಲೆ ಅರ್ಧ ದಿನ ಚರ್ಚೆ ಗ್ಯಾರಂಟಿ. ಇದರ ಜೊತೆಗೆ ನೇಮ್‌ಸ್ಪೇಸ್ (ಟ್ಯಾಗಿನ ಹೆಸರು ಯಾವ ಗುಂಪಿನದು ಅಂತ ಹೇಳುವ ಗುರುತು) ಬಂತೆಂದರೆ, ಕಣ್ಣಿಗೆ ಸರಿ ಕಾಣುವ ಟ್ಯಾಗ್ ಪ್ರೋಗ್ರಾಂಗೆ ಸಿಗುವುದೇ ಇಲ್ಲ. ಹೊಸಬರು ಹೆಚ್ಚು ಹೊತ್ತು ಕಳೆಯುವುದು ಇಲ್ಲಿ.

ಮೂರನೆಯದು ಸುರಕ್ಷತೆ, ಇದನ್ನು ಹಗುರವಾಗಿ ತಗೊಳ್ಳಬೇಡಿ. ಎಕ್ಸ್‌ಎಂಎಲ್ ಫೈಲಿನ ತಲೆಯಲ್ಲಿ "ಈ ಹೆಸರು ಕಂಡಲ್ಲಿ ಈ ಮಾತು ಹಾಕು" ಅಂತ ಎಂಟಿಟಿ ಬರೆಯಬಹುದು. ಒಂದು ಎಂಟಿಟಿಯೊಳಗೆ ಇನ್ನೊಂದನ್ನು ಹತ್ತು ಸಲ, ಅದರೊಳಗೆ ಮತ್ತೊಂದನ್ನು ಹತ್ತು ಸಲ ಕರೆಯುತ್ತಾ ಹೋದರೆ, ಒಂದು ಕೆಬಿಯಷ್ಟೂ ಇಲ್ಲದ ಫೈಲು ಬಿಚ್ಚಿಕೊಂಡಾಗ 100 ಕೋಟಿ ಪದ ಆಗುತ್ತದೆ. ಸರ್ವರ್ ಮೆಮೊರಿ ಗಿಜಿಗುಟ್ಟಿ ಮಲಗುತ್ತದೆ. ಈ ದಾಳಿಗೆ ಬಿಲಿಯನ್ ಲಾಫ್ಸ್ ಅಂತಲೇ ಹೆಸರು. ಇನ್ನೊಂದು ಬಗೆಯಲ್ಲಿ ಎಂಟಿಟಿ ನಿಮ್ಮ ಸರ್ವರ್‌ನ ಒಳಗಿನ ಫೈಲನ್ನೇ ಓದಿ ಹೊರಗೆ ಕೊಡುತ್ತದೆ. ವೆಬ್ ಸುರಕ್ಷತೆಯ ಸಂಸ್ಥೆ ಓವಾಸ್ಪ್ 2017ರಲ್ಲಿ ಮಾಡಿದ ದೊಡ್ಡ ಅಪಾಯಗಳ ಪಟ್ಟಿಯಲ್ಲಿ ಇದು 4ನೇ ಜಾಗದಲ್ಲಿತ್ತು. ಹೊರಗಿನವರಿಂದ ಎಕ್ಸ್‌ಎಂಎಲ್ ತಗೊಳ್ಳುವುದಾದರೆ ಡಿಟಿಡಿ (ಎಂಟಿಟಿ ಬರೆಯುವ ಆ ತಲೆಭಾಗ) ಮತ್ತು ಹೊರಗಿನ ಎಂಟಿಟಿ ಎರಡನ್ನೂ ಬಂದ್ ಮಾಡಿ. ಪೈಥಾನ್‌ನವರಿಗೆ ಇದಕ್ಕೆಂದೇ ಡಿಫ್ಯೂಸ್ಡ್ ಎಕ್ಸ್‌ಎಂಎಲ್ ಲೈಬ್ರರಿ ಇದೆ. ಜೇಸನ್‌ನಲ್ಲಿ ಎಂಟಿಟಿಯೇ ಇಲ್ಲ, ಹಾಗಾಗಿ ಈ ತಲೆನೋವೂ ಇಲ್ಲ.

ಜೇಸನ್‌ನ ಸಣ್ಣ ಸಣ್ಣ ಮುಳ್ಳುಗಳು

ಜೇಸನ್ ಇಷ್ಟೊಂದು ಬೇಗ ಹಬ್ಬಿದ್ದಕ್ಕೆ ಕಾರಣ, ಅದರಲ್ಲಿ ಕಲಿಯೋಕೆ ಜಾಸ್ತಿ ಏನೂ ಇಲ್ಲ. ಅದಕ್ಕೆ ರೂಪ ಕೊಟ್ಟ ಡಗ್ಲಸ್ ಕ್ರಾಕ್‌ಫರ್ಡ್ ಅದನ್ನು ಒಂದೇ ಪುಟದಲ್ಲಿ ವಿವರಿಸುವಷ್ಟು ಚಿಕ್ಕದಾಗಿ ಇಟ್ಟರು. ಬ್ರೌಸರ್‌ಗೆ ಅದು ಮಾತೃಭಾಷೆ. ಮೊಬೈಲ್ ಆ್ಯಪ್‌ಗೂ ಸರ್ವರ್‌ಗೂ ನಡುವೆ ಇವತ್ತು ಬೇರೆ ಏನನ್ನಾದರೂ ಬಳಸುತ್ತೇನೆ ಅಂದರೆ ಅದಕ್ಕೆ ಕಾರಣ ಕೊಡಬೇಕಾದವರು ನೀವು.

ಆದರೆ ಅದರಲ್ಲಿ ದಿನಾಂಕ ಅನ್ನುವ ಬಗೆಯೇ ಇಲ್ಲ, ಅದು ಬರೀ ಅಕ್ಷರ. ಕಾಮೆಂಟ್ ಬರೆಯುವ ಹಾಗಿಲ್ಲ. 65.500 ಓದಿ ಬರೆದರೆ 65.5 ಆಗುತ್ತದೆ. ಲೆಕ್ಕಕ್ಕೆ ಎರಡೂ ಒಂದೇ, ಆದರೆ ಗ್ರಾಂವರೆಗೆ ತೂಗಿದ್ದೇವೆ ಅನ್ನುವ ಮಾಹಿತಿ ಹೋಯಿತು. 00417 ಅನ್ನು ಉದ್ಧರಣ ಚಿಹ್ನೆ ಇಲ್ಲದೆ ಬರೆದರೆ ತಪ್ಪು. ಇನ್ನು ಜಾವಾಸ್ಕ್ರಿಪ್ಟ್ 9007199254740991ಕ್ಕಿಂತ ದೊಡ್ಡ ಪೂರ್ಣಾಂಕವನ್ನು ನಿಖರವಾಗಿ ಹಿಡಿದಿಡುವ ಭರವಸೆ ಕೊಡುವುದಿಲ್ಲ, ಸುಮ್ನೆ ಹತ್ತಿರದ ಸಂಖ್ಯೆಗೆ ದೂಡಿಬಿಡುತ್ತದೆ. ಖಾತೆ ಸಂಖ್ಯೆ, ಕಾರ್ಡ್ ಸಂಖ್ಯೆ, ಫೋನ್ ನಂಬರ್ ಇವೆಲ್ಲ ಕೂಡಿ ಕಳೆಯುವ ಸಂಖ್ಯೆಗಳಲ್ಲ. ಅವನ್ನು ಅಕ್ಷರವಾಗಿಯೇ ಕಳಿಸಿ.

ಒಳಗೆ ಕನ್ನಡ ಇದ್ದರೆ

ಕನ್ನಡ ಹೆಸರು, ವಿಳಾಸ ಇರುವ ಡೇಟಾಕ್ಕೆ ಸಿಎಸ್‌ವಿ ಎಲ್ಲಕ್ಕಿಂತ ಅಪಾಯ. ಕಾರಣ ಎಕ್ಸೆಲ್. ಯುಟಿಎಫ್-8 ಸಿಎಸ್‌ವಿಯ ತಲೆಯಲ್ಲಿ ಬಾಮ್ ಗುರುತು (ಇದು ಯುನಿಕೋಡ್ ಫೈಲು ಅಂತ ತಿಳಿಸುವ, ಕಣ್ಣಿಗೆ ಕಾಣದ ಅಕ್ಷರ) ಇಲ್ಲದಿದ್ದರೆ ಡಬಲ್ ಕ್ಲಿಕ್ ಮಾಡಿದಾಗ ಕನ್ನಡದ ಜಾಗದಲ್ಲಿ ವಿಚಿತ್ರ ಚಿಹ್ನೆಗಳು ಬರುತ್ತವೆ. ಗಾಬರಿ ಬೇಡ, ಡೇಟಾ ಇನ್ನೂ ಕೆಟ್ಟಿಲ್ಲ. ಸೇವ್ ಮಾಡದೆ ಮುಚ್ಚಿ. ಡೇಟಾ ಟ್ಯಾಬಿನಿಂದ ಇಂಪೋರ್ಟ್ ಮಾಡಿ, 65001 ಯುಟಿಎಫ್-8 ಆರಿಸಿಕೊಳ್ಳಿ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಎಕ್ಸೆಲ್‌ನಲ್ಲಿ ಬರೆದ ಕನ್ನಡವನ್ನು ಸಾದಾ ಸಿಎಸ್‌ವಿಯಾಗಿ ಸೇವ್ ಮಾಡುವುದು. ಆಗ ಅಕ್ಷರಗಳೆಲ್ಲ ???? ಆಗಿ ಕೂರುತ್ತವೆ. ಆ ಫೈಲಿನಿಂದ ಅವನ್ನು ಮತ್ತೆ ತರಲು ಆಗುವುದಿಲ್ಲ. ಪಟ್ಟಿಯಲ್ಲಿ "ಸಿಎಸ್‌ವಿ ಯುಟಿಎಫ್-8" ಅಂತ ಬೇರೆಯೇ ಇರುತ್ತದೆ, ಅದನ್ನೇ ಆರಿಸಿ.

ಎಕ್ಸ್‌ಎಂಎಲ್ ಇಲ್ಲಿ ನೆಮ್ಮದಿ. ಮೊದಲ ಸಾಲಿನಲ್ಲೇ ಯಾವ ಎನ್‌ಕೋಡಿಂಗ್ ಅಂತ ಬರೆದಿರುತ್ತದೆ. ಬರೆಯದಿದ್ದರೆ ಯುಟಿಎಫ್-8 ಅಂತಲೇ ಲೆಕ್ಕ. ಬಾಮ್ ಇದ್ದರೂ ತಕರಾರಿಲ್ಲ. ಜೇಸನ್‌ಗೂ 2017ರ ಆರ್‌ಎಫ್‌ಸಿ 8259 ಅನ್ನುವ ಮಾನಕ ಯುಟಿಎಫ್-8 ಕಡ್ಡಾಯ ಮಾಡಿದೆ, ಆದರೆ ಬಾಮ್ ಸೇರಿಸಬಾರದು. ಪೈಥಾನ್‌ನಿಂದ ಜೇಸನ್ ಬರೆದಾಗ ಕನ್ನಡದ ಬದಲು ಹಿಂದೋರೆ ಗೀಟು (\) ಮತ್ತು ಅಂಕಿಗಳ ಸಾಲು ಕಂಡರೆ ಅದು ತಪ್ಪಲ್ಲ, ಓದಿದಾಗ ಸರಿಯಾಗಿ ಕನ್ನಡವೇ ಬರುತ್ತದೆ. ಆದರೆ ಒಂದೊಂದು ಸಂಕೇತಕ್ಕೆ 3ರ ಬದಲು 6 ಬೈಟ್ ಹಿಡಿಯುತ್ತದೆ. ಎನ್‌ಶೂರ್ ಆಸ್ಕಿ ಅನ್ನುವ ಸೆಟ್ಟಿಂಗ್ ಆಫ್ ಮಾಡಿದರೆ ಕನ್ನಡ ಕನ್ನಡವಾಗಿಯೇ ಉಳಿಯುತ್ತದೆ.

ಮೇಲಿನ ಉದಾಹರಣೆಗಳಲ್ಲಿ ಟ್ಯಾಗುಗಳನ್ನೂ ಕನ್ನಡದಲ್ಲಿ ಬರೆದಿದ್ದೇನೆ. ಎಕ್ಸ್‌ಎಂಎಲ್ ಇದನ್ನು ಒಪ್ಪುತ್ತದೆ, ಜೇಸನ್ ಕೂಡ. ಆದರೂ ನಿಜವಾದ ಕೆಲಸದಲ್ಲಿ ಹಾಗೆ ಮಾಡಬೇಡಿ ಅಂತಲೇ ನನ್ನ ಸಲಹೆ. ಭಾಷೆಯ ಮೇಲಿನ ಅಸಡ್ಡೆಯಿಂದಲ್ಲ, ಕಾಣದ ಅಕ್ಷರಗಳಿಂದ. "ಪಾನ್" ಅಂತ ಟೈಪ್ ಮಾಡುವಾಗ ಕೆಲವು ಕೀಬೋರ್ಡ್ ಕೊನೆಗೆ ಒಂದು ಜೋಡಣೆ ತಡೆಯುವ ಅಕ್ಷರ ಸೇರಿಸುತ್ತದೆ, ಕೆಲವು ಸೇರಿಸುವುದಿಲ್ಲ. ಕಣ್ಣಿಗೆ ಎರಡೂ ಒಂದೇ, ಪ್ರೋಗ್ರಾಂಗೆ ಬೇರೆಬೇರೆ ಹೆಸರು. ಎಕ್ಸ್‌ಎಂಎಲ್ 1.0 ನಿಯಮದಲ್ಲಿ ಈ ಅಕ್ಷರ ಟ್ಯಾಗಿನ ಹೆಸರಲ್ಲಿ ಬರಬಹುದು ಅಂತ ಆದದ್ದು 2008ರ ಐದನೇ ಆವೃತ್ತಿಯಲ್ಲಿ. ಅದಕ್ಕೂ ಹಿಂದಿನ ನಿಯಮ ಪಾಲಿಸುವ ಪ್ರೋಗ್ರಾಂ ಅದನ್ನು ತಿರಸ್ಕರಿಸುತ್ತದೆ. ಹಾಗೇ "ೋ" ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿಯೂ ಬರೆಯಬಹುದು. ಟ್ಯಾಗಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ, ಒಳಗಿನ ಮಾಹಿತಿ ಅಚ್ಚ ಕನ್ನಡದಲ್ಲಿರಲಿ.

ಬರಹವೇ ಡೇಟಾ ಆದಾಗ

ಇಲ್ಲಿಯವರೆಗೆ ಬಿಲ್ಲು, ಖಾತೆ ಅಂತ ಮಾತಾಡಿದೆವು. ನಿಘಂಟು, ಹಳೆಯ ಪುಸ್ತಕದ ಡಿಜಿಟಲ್ ಪ್ರತಿ, ಕಾನೂನಿನ ಪಠ್ಯ ಇವುಗಳ ಕಥೆ ಬೇರೆ. ಒಂದು ನಿಘಂಟಿನ ಉದಾಹರಣೆ ವಾಕ್ಯ ನೋಡಿ:

<ವಾಕ್ಯ>ಅಡಿಕೆ <ಪದ ಅರ್ಥ="ಗೊಂಚಲು">ಕೊನೆ</ಪದ> ಇಳಿಸುವ ಹೊತ್ತಿಗೇ ಮಳೆ ಬಂತು.</ವಾಕ್ಯ>

ಸಾಲು ಸಾಲಾಗಿಯೇ ಇದೆ, ನಡುವಿನ ಒಂದು ಪದಕ್ಕೆ ಮಾತ್ರ ಗುರುತು. ಇದನ್ನೇ ಜೇಸನ್‌ನಲ್ಲಿ ಬರೆಯಲು ಹೋದರೆ ವಾಕ್ಯವನ್ನು ಮೂರು ತುಂಡು ಮಾಡಿ ಪಟ್ಟಿಯಲ್ಲಿ ಇಡಬೇಕು. ಗುರುತು ಮಾಡಬೇಕಾದ ಪದ ಐದಾದರೆ ಹನ್ನೊಂದು ತುಂಡು ಆಗಬಹುದು, ಆಮೇಲೆ ಯಾರಿಗೂ ಓದಲು ಆಗುವುದಿಲ್ಲ. ಎಕ್ಸ್‌ಎಂಎಲ್‌ನ ಮೂಲವೇ ದಾಖಲೆ ಗುರುತಿಸುವ ಎಸ್‌ಜಿಎಂಎಲ್. 1986ರಲ್ಲಿ ಐಎಸ್‌ಒ ಮಾನಕವಾದ ಅದನ್ನು ಹಗುರ ಮಾಡಿ, 1998ರ ಫೆಬ್ರವರಿ 10ರಂದು ವೆಬ್ ಮಾನಕಗಳ ಸಂಸ್ಥೆ ಡಬ್ಲ್ಯೂ3ಸಿ ಎಕ್ಸ್‌ಎಂಎಲ್ 1.0 ಹೊರತಂದಿತು. ಬರಹಕ್ಕೆ ಗುರುತು ಹಾಕುವುದು ಅದರ ಹುಟ್ಟುಗುಣ. ಹಾಗಾಗಿ ಇಂಥ ಕೆಲಸಕ್ಕೆ ಎರಡನೇ ಯೋಚನೆ ಬೇಡ, ಎಕ್ಸ್‌ಎಂಎಲ್ ಆರಿಸಿ.

ಕನ್ನಡ ವಿಕಿಪೀಡಿಯದ ಎಲ್ಲ ಲೇಖನಗಳನ್ನು ಒಟ್ಟಿಗೆ ಇಳಿಸಿಕೊಂಡರೆ ಸಿಗುವ ಡಂಪ್ ಕೂಡ ಎಕ್ಸ್‌ಎಂಎಲ್. ಅಂಥ ದೊಡ್ಡ ಫೈಲನ್ನು ಇಡಿಯಾಗಿ ಮೆಮೊರಿಗೆ ಏರಿಸಬೇಡಿ. ಒಂದೊಂದೇ ಪುಟ ಓದುತ್ತಾ ಹೋಗುವ ಸ್ಟ್ರೀಮ್ ಪಾರ್ಸರ್ ಬಳಸಿ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ.

ಹಾಗಾದರೆ ನಿಮಗೆ ಯಾವುದು?

ಎದುರಿನವರು ಆಗಲೇ ಒಂದನ್ನು ನಿಗದಿ ಮಾಡಿದ್ದರೆ ಚರ್ಚೆಯೇ ಇಲ್ಲ. ಯುಪಿಐ ಜೊತೆ ಕೆಲಸ ಅಂದರೆ ಎಕ್ಸ್‌ಎಂಎಲ್, ಜಿಎಸ್‌ಟಿ ಅಂದರೆ ಜೇಸನ್.

ನಿಮ್ಮದೇ ಆ್ಯಪ್, ನಿಮ್ಮದೇ ಸರ್ವರ್, ಎರಡೂ ಕಡೆ ನಿಮ್ಮದೇ ತಂಡವಾದರೆ ಜೇಸನ್. ಸ್ಕೀಮಾ ಮಾತ್ರ ಮೊದಲ ದಿನವೇ ಬರೆಯಿರಿ.

ಸಂಘದ ಕಾರ್ಯದರ್ಶಿಗೆ ಸದಸ್ಯರ ಪಟ್ಟಿ ಕಳಿಸಬೇಕು, ಅವರು ಎಕ್ಸೆಲ್‌ನಲ್ಲಿ ನೋಡುತ್ತಾರೆ ಅಂದರೆ ಸಿಎಸ್‌ವಿ ಸಾಕು. ಅಲ್ಲಿ ಎಕ್ಸ್‌ಎಂಎಲ್ ಕಳಿಸಿದರೆ ಫೋನ್ ಬರುತ್ತದೆ. ಒಟ್ಟು ಎಷ್ಟು ಸಾಲು ಕಳಿಸಿದ್ದೀರಿ ಅಂತ ಜೊತೆಗೆ ಬರೆದು ಕಳಿಸಿ. ಅವರು ತಿದ್ದಿ ವಾಪಸ್ ಕಳಿಸುವ ಫೈಲನ್ನು ಮಾತ್ರ ಪರೀಕ್ಷಿಸದೆ ಸಿಸ್ಟಮ್‌ಗೆ ಹಾಕಬೇಡಿ.

ನಿಮಗೆ ಪರಿಚಯವೇ ಇಲ್ಲದ ಹಲವಾರು ಸಂಸ್ಥೆಗಳು ಡೇಟಾ ಕಳಿಸುತ್ತವೆ, ತಪ್ಪಾದರೆ ಹೊಣೆ ಯಾರದು ಅಂತ ಕಾಗದದ ಮೇಲೆ ಸಾಬೀತು ಮಾಡಬೇಕು, ಹತ್ತು ವರ್ಷ ಇಟ್ಟುಕೊಳ್ಳಬೇಕು ಅಂದರೆ ನಾನು ಇವತ್ತಿಗೂ ಎಕ್ಸ್‌ಎಂಎಲ್ ಅನ್ನೇ ಹೇಳುತ್ತೇನೆ. ಜೇಸನ್‌ನಲ್ಲಿ ಆಗುವುದಿಲ್ಲ ಅಂತಲ್ಲ. ಅಲ್ಲಿ ಸ್ಕೀಮಾ, ಸಹಿ, ದಿನಾಂಕದ ನಿಯಮ ಎಲ್ಲವನ್ನೂ ನೀವೇ ಆರಿಸಿ ಜೋಡಿಸಬೇಕು. ಎಕ್ಸ್‌ಎಂಎಲ್‌ನಲ್ಲಿ ಇವು 2002ರ ಹೊತ್ತಿಗೇ ಮಾನಕವಾಗಿ ಕೂತಿವೆ.

ಒಂದು ಕಡೆ ಎಕ್ಸ್‌ಎಂಎಲ್, ಇನ್ನೊಂದು ಕಡೆ ಜೇಸನ್ ಇದ್ದು ನಡುವೆ ಬದಲಾಯಿಸುವ ಕೆಲಸ ನಿಮ್ಮ ತಲೆಗೆ ಬಂದರೆ ಎರಡು ವಿಷಯ ನೋಡಿಕೊಳ್ಳಿ. ಬಿಲ್ಲಿನಲ್ಲಿ ಎರಡು ಬಗೆಯ ಮಾಲಿದ್ದರೆ ಬದಲಾಯಿಸುವ ಟೂಲು "ಮಾಲು" ಅನ್ನುವುದನ್ನು ಪಟ್ಟಿ ಮಾಡುತ್ತದೆ. ಒಂದೇ ಇದ್ದರೆ ಪಟ್ಟಿ ಮಾಡದೆ ಬಿಡಿಯಾಗಿ ಇಡುತ್ತದೆ. ಟೆಸ್ಟ್ ಮಾಡುವಾಗ ಎಲ್ಲ ಬಿಲ್ಲಿನಲ್ಲೂ ಎರಡೆರಡು ಮಾಲು ಹಾಕಿದ್ದರೆ ಇದು ಗೊತ್ತೇ ಆಗುವುದಿಲ್ಲ. ಮೊದಲ ಒಂಟಿ ಮಾಲಿನ ಬಿಲ್ಲು ಬಂದ ದಿನ ಪ್ರೋಗ್ರಾಂ ಬೀಳುತ್ತದೆ. ಯಾವುದು ಯಾವಾಗಲೂ ಪಟ್ಟಿ ಅಂತ ಟೂಲಿಗೆ ಮೊದಲೇ ಹೇಳಿಡಿ.

ಇನ್ನೊಂದು ಡಿಜಿಟಲ್ ಸಹಿ. ಆಧಾರ್ ಆಫ್‌ಲೈನ್ ಇ-ಕೆವೈಸಿ ಫೈಲು ಸಹಿ ಹಾಕಿದ ಎಕ್ಸ್‌ಎಂಎಲ್, ಶೇರ್ ಕೋಡ್ ಅನ್ನುವ ಪಾಸ್‌ವರ್ಡ್ ಹಾಕಿದ ಜಿಪ್‌ನೊಳಗೆ ಬರುತ್ತದೆ. ಅದನ್ನು ಎಡಿಟರ್‌ನಲ್ಲಿ ತೆರೆದು, ಸಾಲುಗಳನ್ನು ಅಂದವಾಗಿ ಜೋಡಿಸಿ ಸೇವ್ ಮಾಡಿದರೂ ಸಾಕು, ಟ್ಯಾಗುಗಳ ನಡುವಿನ ಖಾಲಿ ಜಾಗ ಬದಲಾಗಿ ಸಹಿ ತಾಳೆಯಾಗುವುದಿಲ್ಲ. ಒಂದಕ್ಷರವನ್ನೂ ತಿದ್ದಿಲ್ಲ ಅಂತ ನೀವು ಎಷ್ಟು ಹೇಳಿದರೂ ಪರೀಕ್ಷೆಯಲ್ಲಿ ಅದು ಫೇಲ್. ಆದ್ದರಿಂದ ಸಹಿ ಇರುವ ಫೈಲು ಬಂದ ಕೂಡಲೇ ಮೊದಲು ಸಹಿ ಪರೀಕ್ಷಿಸಿ, ಮೂಲ ಫೈಲನ್ನು ಬೈಟ್ ಕೂಡ ಬದಲಾಗದಂತೆ ಎತ್ತಿಡಿ, ಆಮೇಲೆ ಒಂದು ನಕಲಿನಿಂದ ನಿಮಗೆ ಬೇಕಾದ ಜೇಸನ್ ಮಾಡಿಕೊಳ್ಳಿ.